ಸಹಾಯ ಬೇಕು: ಮಂಜಿನಲ್ಲಿ ಚಿಕ್ಕ ದೋಣಿ ದೊಡ್ಡ ಬೋಟಿಗೆ ಕಾಣೋದು ಹೇಗೆ?

ಮಲ್ಪೆ ಕಡೆಯವರು ಯಾರಾದ್ರೂ ಇದ್ದರೆ ಹೇಳಿ. ಅಣ್ಣನದು ಫೈಬರ್ ನಾಡದೋಣಿ. ಮೊನ್ನೆ ಬೆಳಗ್ಗೆ ಸೇಂಟ್ ಮೇರೀಸ್ ದ್ವೀಪದ ಹತ್ತಿರ ಮಂಜು ಕವಿದು, ದೋಣಿಯ ಮೂತಿಯೇ ಕಾಣಲಿಲ್ಲವಂತೆ. ಟ್ರಾಲರ್ (ಬಲೆ ಎಳೆಯುವ ದೊಡ್ಡ ಮೀನುಗಾರಿಕೆ ಬೋಟು) ಸದ್ದು ಕೇಳಿಸಿತು, ದಿಕ್ಕು ಗೊತ್ತಾಗಲಿಲ್ಲ. ಬುತ್ತಿ ಡಬ್ಬಿಯ ಮುಚ್ಚಳ ಬಡಿದು ಬಚಾವಾದ!

ಮಂಜಿನಲ್ಲಿ 2 ನಿಮಿಷಕ್ಕೊಮ್ಮೆಯಾದರೂ ಸದ್ದು ಮಾಡಬೇಕು ಅಂತ ಗೊತ್ತು, ಹಾರ್ನ್ ತರಿಸ್ತೇವೆ. ಆದ್ರೆ ಫೈಬರ್ ದೋಣಿ ದೊಡ್ಡ ಬೋಟಿನ ರಾಡಾರ್‌ನಲ್ಲಿ ಸರಿಯಾಗಿ ಕಾಣಲ್ಲ ಅಲ್ವಾ? ರಾಡಾರ್ ರಿಫ್ಲೆಕ್ಟರ್ (ರಾಡಾರ್ ಅಲೆಗಳನ್ನು ವಾಪಸ್ ಕಳಿಸುವ ಸಾಧನ) ಕಟ್ಟಿದವರು ಇದ್ದೀರಾ? ಎಷ್ಟು ಎತ್ತರಕ್ಕೆ ಕಟ್ಟಿದಿರಿ?

ಇನ್ನೊಂದು ಚಿಂತೆ ಸಿಡಿಲು. ಮಿಂಚಿದ 30 ಸೆಕೆಂಡಿನೊಳಗೆ ಗುಡುಗಿದರೆ ಅದು ಸುಮಾರು 10 ಕಿ.ಮೀ. ಒಳಗಿದೆ ಅಂತ ಲೆಕ್ಕ. ಅಷ್ಟರಲ್ಲಿ ದಡ ಮುಟ್ಟೋದು ಕಷ್ಟ. ಮರೆಯೇ ಇಲ್ಲದ ದೋಣಿಯಲ್ಲಿ ನೀವೇನು ಮಾಡ್ತೀರಿ? ಕೋಸ್ಟ್ ಗಾರ್ಡ್‌ನ 1554 ಮೊಬೈಲಿನಲ್ಲಿ ಸೇವ್ ಮಾಡಿದ್ದೇವೆ. ಆದ್ರೆ ದೂರ ಹೋದರೆ ಸಿಗ್ನಲ್ಲೇ ಸಿಗಲ್ಲ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ ಸೆಟ್ ಬಳಸಿದವರು ದಯವಿಟ್ಟು ತಿಳಿಸಿ.