ಪದಚರ್ಚೆ: ‘ಕಂಟಿನ್ಯೂಟಿ’ಗೆ ‘ಸಾತತ್ಯ’ ಸಾಕೆ? ‘ಪೂರ್ವಾಪರ’ ಒಗ್ಗೀತೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ದಶಕಗಳ ಕಾಲ ಹರಿದು ಬಂದ ವಿಜ್ಞಾನಕಥಾ ಸರಣಿಗಳನ್ನು ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಬಿಬಿಸಿ 1963ರ ನವೆಂಬರ್ 23ರಂದು ಆರಂಭಿಸಿದ ಟಿವಿ ಸರಣಿ ‘ಡಾಕ್ಟರ್ ಹೂ’ ಅದರ ಮುಖ್ಯ ವಸ್ತು. ಕಾಲಯಂತ್ರದಲ್ಲಿ ಅಲೆಯುವ, ಆಗಾಗ ಹೊಸ ಒಡಲು ತಳೆಯುವ ‘ಡಾಕ್ಟರ್’ ಅದರ ನಾಯಕ; ಹಾಗಾಗಿ ನಟರು ಬದಲಾದರೂ ಪಾತ್ರ ಒಂದೇ. ಈ ಸರಣಿಯ ಅಭಿಮಾನಿಗಳ ವಾಗ್ವಾದಗಳಲ್ಲಿ ಮೂರು ಮಾತುಗಳು ಬಿಡದೆ ಬರುತ್ತವೆ: ಕಂಟಿನ್ಯೂಟಿ (ಹಿಂದುಮುಂದಿನ ಕಥೆಗಳ ಹೊಂದಿಕೆ), ಕ್ಯಾನನ್ (ಆಧಾರವೆಂದು ಒಪ್ಪಿದ ಕಥೆಗಳು), ರೆಟ್‌ಕಾನ್ (ಹಳೆಯ ಕಥೆಯ ಅರ್ಥವನ್ನು ಹೊಸ ಕಥೆಯಿಂದ ಬದಲಿಸುವುದು). ಮೂರನ್ನೂ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಸಾಗಬಹುದು. ಆದರೆ ಹಿಂದೆ ಹೇಳಿದ ಕಥೆಗೂ ಈಗ ಹೇಳುವ ಕಥೆಗೂ ಹೊಂದಿಕೆ ಇದೆಯೇ, ಇಲ್ಲದಿದ್ದರೆ ಸವಿ ಕೆಡುತ್ತದೆಯೇ ಎಂಬ ಪ್ರಶ್ನೆಯನ್ನು ನಮ್ಮ ಲಾಕ್ಷಣಿಕರೂ ವ್ಯಾಖ್ಯಾನಕಾರರೂ ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ಅವರ ಮಾತಿನ ಕಣಜ ತುಂಬಿರುವಾಗ ನಾವು ಎರವಲಿಗೆ ಹೋಗಬೇಕಿಲ್ಲ ಎಂಬುದು ನನ್ನ ನಿಲುವು.

ಮೊದಲು ‘ಕಂಟಿನ್ಯೂಟಿ’. ನಿಘಂಟಿನಲ್ಲಿ ಸಿಗುವುದು ‘ಸಾತತ್ಯ’, ‘ನಿರಂತರತೆ’, ‘ಅವಿಚ್ಛಿನ್ನತೆ’. ಮೂರೂ ಒಳ್ಳೆಯ ಪದಗಳು, ಮೂರೂ ಇಲ್ಲಿಗೆ ಹೊಂದುವುದಿಲ್ಲ. ಅವು ಹೇಳುವುದು ಕಡಿಯದೆ ಸಾಗುವುದನ್ನು. ‘ಡಾಕ್ಟರ್ ಹೂ’ 1963ರಿಂದ 1989ರವರೆಗೆ ಹೆಚ್ಚುಕಡಿಮೆ ಪ್ರತಿವರ್ಷ ಬಂದಿತು. ಅದಕ್ಕೆ ಸಾತತ್ಯವಿತ್ತು. ಆದರೆ ಆ ವರ್ಷಗಳಲ್ಲೇ ಅಟ್ಲಾಂಟಿಸ್ ನಗರ ಮೂರು ಬಗೆಯಲ್ಲಿ ನಾಶವಾಯಿತು: 1967ರ ಕಥೆಯಲ್ಲಿ ಒಂದು ಕಾರಣ, 1971ರಲ್ಲಿ ಇನ್ನೊಂದು, 1972ರಲ್ಲಿ ಮತ್ತೊಂದು. 1989ರ ಡಿಸೆಂಬರ್‌ನಲ್ಲಿ ಸರಣಿ ನಿಂತಿತು. 1996ರ ಒಂದು ಟಿವಿ ಚಿತ್ರವನ್ನು ಬಿಟ್ಟರೆ 2005ರ ಮಾರ್ಚ್‌ವರೆಗೆ ಹೊಸ ಕಂತು ತೆರೆಗೆ ಬರಲಿಲ್ಲ. ಸಾತತ್ಯ ಕಡಿದುಹೋಯಿತು. ಆದರೂ 2005ರಲ್ಲಿ ಬಂದವನು ಹಳೆಯ ಡಾಕ್ಟರನೇ, ಹೊಸಬನಲ್ಲ. ಸಾತತ್ಯವಿದ್ದಾಗ ಹೊಂದಿಕೆ ಇರಲಿಲ್ಲ, ಸಾತತ್ಯ ಕಡಿದಾಗ ಹೊಂದಿಕೆ ಉಳಿಯಿತು. ಎರಡನ್ನೂ ಒಂದೇ ಪದದಿಂದ ಕರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ಸಿನಿಮಾ, ಧಾರಾವಾಹಿಯವರ ‘ಕಂಟಿನ್ಯೂಟಿ’ ಬೇರೆಯದು. ಬೆಳಿಗ್ಗೆ ಚಿತ್ರಿಸಿದ ದೃಶ್ಯದಲ್ಲಿ ಕೈಗಡಿಯಾರ ಎಡಗೈಯಲ್ಲಿದ್ದರೆ ಸಂಜೆಯೂ ಅಲ್ಲೇ ಇರಬೇಕು ಎಂಬಷ್ಟರ ಮಾತು ಅದು. ಆ ಕೆಲಸದವರು ಅದನ್ನು ಹಾಗೆಯೇ ಬಳಸಲಿ, ಅದಕ್ಕೆ ನನ್ನ ತಕರಾರಿಲ್ಲ.

ನನ್ನ ಸೂಚನೆ ‘ಪೂರ್ವಾಪರ’. ‘ಪೂರ್ವಾಪರ ವಿರೋಧ’ ಎಂಬ ಜೋಡುನುಡಿ ಇಂದಿಗೂ ವಿಮರ್ಶೆಯಲ್ಲಿ, ಸಾಕ್ಷಿಗಳ ಹೇಳಿಕೆಯನ್ನು ಒರೆಹಚ್ಚುವ ಬರಹದಲ್ಲಿ ಜೀವಂತವಾಗಿದೆ. ಕಂಟಿನ್ಯೂಟಿ ತಪ್ಪಿದರೆ ‘ಪೂರ್ವಾಪರ ವಿರೋಧ’, ಉಳಿದರೆ ‘ಪೂರ್ವಾಪರ ಸಂಗತಿ’. ಇದಕ್ಕೊಂದು ಆಕ್ಷೇಪ ಬರಬಹುದು: ‘ಹುಡುಗನ ಪೂರ್ವಾಪರ ವಿಚಾರಿಸದೆ ಹೆಣ್ಣು ಕೊಟ್ಟರು’ ಎನ್ನುವಾಗ ಈ ಪದಕ್ಕೆ ಹಿನ್ನೆಲೆ, ನಡತೆ ಎಂಬ ಅರ್ಥವಿದೆಯಲ್ಲ? ಇದೆ. ಅದು ಅಡ್ಡಿಯಲ್ಲ, ಅನುಕೂಲ ಎಂದೇ ನನಗೆ ಕಾಣುತ್ತದೆ. ಅಭಿಮಾನಿಗಳು ಹೊಸ ಕಂತಿನ ಮುಂದೆ ಕುಳಿತು ವಿಚಾರಿಸುವುದೂ ಪಾತ್ರದ ಹಿನ್ನೆಲೆಯನ್ನೇ.

ಆಡುಮಾತಿಗೆ ಹತ್ತಿರವಾದ ಇನ್ನೊಂದು ಪದ ‘ತಾಳೆ’. ಲೆಕ್ಕ ಬರೆಯುವವರು, ಕರಡು ತಿದ್ದುವವರು ‘ತಾಳೆ ನೋಡಿ’ ಎನ್ನುತ್ತಾರೆ. ‘ಈ ಎರಡು ಕಥೆಗಳು ತಾಳೆಯಾಗುವುದಿಲ್ಲ’ ಎಂದರೆ ಯಾರಿಗೂ ವಿವರಣೆ ಬೇಡ. ಒಂದು ಉದಾಹರಣೆಯಲ್ಲಿ ಇಟ್ಟು ನೋಡಿ. ಡಾಕ್ಟರ್ ಭೂಮಿಯಲ್ಲಿ ‘ಯುನಿಟ್’ ಎಂಬ ಸೇನಾಪಡೆಯೊಡನೆ ಕೆಲಸ ಮಾಡಿದ್ದು ಯಾವ ದಶಕದಲ್ಲಿ? 1975ರ ಒಂದು ಕಥೆಯಲ್ಲಿ ಅವನ ಜೊತೆಗಾತಿ ಸೇರಾ ತಾನು 1980ರಿಂದ ಬಂದವಳು ಎನ್ನುತ್ತಾಳೆ. ಅಂದರೆ ಆ ಕಥೆಗಳು ಪ್ರಸಾರವಾದ ಕಾಲಕ್ಕಿಂತ ಕೆಲವು ವರ್ಷ ಮುಂದೆ ನಡೆಯುತ್ತವೆ. 1983ರ ಕಥೆಯೊಂದು ಆ ಪಡೆಯ ಬ್ರಿಗೇಡಿಯರ್ 1976ರಲ್ಲೇ ನಿವೃತ್ತನಾದ ಎನ್ನುತ್ತದೆ. 1977ರಲ್ಲಿ, ರಾಣಿಯ ರಜತೋತ್ಸವದ ಹೊತ್ತಿಗೆ, ಅವನು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾನೆ. ನಿವೃತ್ತನಾದ ಅಧಿಕಾರಿಯೊಡನೆ 1980ರ ಸೇರಾ ಕೆಲಸ ಮಾಡಿದ್ದು ಹೇಗೆ? ತಾಳೆಯಾಗುವುದಿಲ್ಲ. 2008ರ ಕಂತಿನಲ್ಲಿ ಡಾಕ್ಟರನ ಬಾಯಲ್ಲೇ ಅದು ಎಪ್ಪತ್ತರ ದಶಕವೋ ಎಂಬತ್ತರದೋ ಎಂಬ ಮಾತು ಬರುತ್ತದೆ. ಬರೆದವರಿಗೂ ಈ ತೊಡಕು ಗೊತ್ತಿತ್ತು.

ಕ್ರಿಯಾಪದವಾಗಿ ‘ತಾಳೆಯಾಗು’, ನಾಮಪದವಾಗಿ ‘ಪೂರ್ವಾಪರ’ ಎಂದು ಹಂಚಿಕೊಂಡರೆ ಎರಡೂ ಬದುಕುತ್ತವೆ.

ಇಂಥ ತೊಡಕನ್ನು ಅಭಿಮಾನಿಗಳೇ ಬಿಡಿಸಲು ಹೊರಡುತ್ತಾರಲ್ಲ, ಆ ಕೆಲಸಕ್ಕೆ ‘ಸಮನ್ವಯ’ಕ್ಕಿಂತ ಒಳ್ಳೆಯ ಮಾತು ನನಗೆ ತೋಚಿಲ್ಲ. ವೇದಾಂತಿಗಳು ಬೇರೆ ಬೇರೆ ಶ್ರುತಿವಾಕ್ಯಗಳನ್ನು ಒಂದೇ ತಾತ್ಪರ್ಯಕ್ಕೆ ತರಲು ಮಾಡಿದ್ದೂ ಇದನ್ನೇ. 1976ರ ಆರಂಭದಲ್ಲಿ ಬಂದ ಕಥೆಯೊಂದರಲ್ಲಿ ಡಾಕ್ಟರನಿಗೂ ಮೋರ್ಬಿಯಸ್ ಎಂಬ ಖಳನಿಗೂ ಮನಸ್ಸಿನ ಕಾಳಗ ನಡೆಯುತ್ತದೆ. ಯಂತ್ರದ ಪರದೆಯ ಮೇಲೆ ಡಾಕ್ಟರನ ಹಿಂದಿನ ಮುಖಗಳು ಒಂದೊಂದಾಗಿ ಮೂಡುತ್ತವೆ, 1963ರ ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಮುಖವೂ ಬರುತ್ತದೆ, ಅಲ್ಲಿಗೆ ನಿಲ್ಲದೆ ಇನ್ನೂ ಎಂಟು ಮುಖಗಳು ಕಾಣಿಸುತ್ತವೆ. ಅವು ತೆರೆಯ ಹಿಂದೆ ಕೆಲಸ ಮಾಡುತ್ತಿದ್ದವರೇ ಹಳೆಯ ಕಾಲದ ಉಡುಪು ತೊಟ್ಟು ತೆಗೆಸಿಕೊಂಡ ಚಿತ್ರಗಳು. ಹಾರ್ಟ್ನೆಲ್ ಮೊದಲಿಗರಾದರೆ ಈ ಎಂಟು ಮಂದಿ ಯಾರು? ಅವು ಖಳನ ಹಿಂದಿನ ಮುಖಗಳು ಎಂದು ಹಲವು ಅಭಿಮಾನಿಗಳು ದಶಕಗಳ ಕಾಲ ಸಮನ್ವಯ ಮಾಡಿಕೊಂಡಿದ್ದರು. 2020ರ ಮಾರ್ಚ್ 1ರಂದು ಬಂದ ಕಂತು ಅದನ್ನು ತಲೆಕೆಳಗು ಮಾಡಿತು: ಹಾರ್ಟ್ನೆಲ್‌ಗೆ ಮೊದಲೂ ಡಾಕ್ಟರನಿಗೆ ನೆನಪಿಲ್ಲದ ಅನೇಕ ಬಾಳುಗಳಿದ್ದವು, ಡಾಕ್ಟರನ ಕುಲದವರಾದ ಕಾಲಪ್ರಭುಗಳ (‘ಟೈಮ್ ಲಾರ್ಡ್ಸ್’) ರೂಪಾಂತರ ಶಕ್ತಿಗೆ, ಅಂದರೆ ಹೊಸ ಒಡಲು ತಳೆಯುವ ಶಕ್ತಿಗೆ, ಮೂಲವೇ ಮಗುವಾಗಿದ್ದ ಡಾಕ್ಟರ್ ಎಂದು ಹೇಳಿತು.

ಇದು ರೆಟ್‌ಕಾನ್: ಹೊಸ ಕಥೆ ಬರೆದು ಹಳೆಯ ಕಥೆಯ ಅರ್ಥವನ್ನೇ ಬದಲಿಸುವುದು. ಅಮೆರಿಕದ ಕಾಮಿಕ್ಸ್ ಓದುಗರ ನಡುವೆ 1980ರ ದಶಕದಲ್ಲಿ ಬಳಕೆಗೆ ಬಂದ ಮಾತು. ‘ತಿದ್ದುಪಡಿ’ ಎಂದರೆ ಅರ್ಧ ಮಾತ್ರ ಬರುತ್ತದೆ, ಹಿಂದಕ್ಕೆ ಹೋಗಿ ತಾಗುವ ಭಾಗ ಉಳಿದುಬಿಡುತ್ತದೆ. ನಮ್ಮ ಸರ್ಕಾರಿ ಆದೇಶಗಳಲ್ಲಿ ‘ಪೂರ್ವಾನ್ವಯವಾಗುವಂತೆ’ ಎಂಬ ಮಾತಿದೆ: ಇಂದು ಹೊರಡಿಸಿದ ಆದೇಶ ಹಿಂದಿನ ತಾರೀಕಿನಿಂದಲೇ ಜಾರಿಯಲ್ಲಿತ್ತು ಎಂದು ಎಣಿಸಬೇಕು. ಕಥೆಗೂ ಇದು ಪೂರ್ತಿ ಅನ್ವಯಿಸುತ್ತದೆ. ‘2020ರ ಕಂತು ಒಂದು ಪೂರ್ವಾನ್ವಯ’ ಎಂದು ಬರೆಯಬಹುದೇ? ಕಚೇರಿಯ ಕಡತದ ವಾಸನೆ ಹೊಡೆಯುತ್ತದೆ ಎಂಬ ಅಳುಕು ನನಗೂ ಇದೆ. ಅರ್ಥದ ಖಚಿತತೆಗಾಗಿ ಆ ವಾಸನೆಯನ್ನು ಸಹಿಸಲು ನಾನು ಸಿದ್ಧ.

‘ಕ್ಯಾನನ್’ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಪ್ಪಿತ ಧರ್ಮಗ್ರಂಥಗಳಿಗೆ ಕ್ರೈಸ್ತರು ಬಳಸುತ್ತಿದ್ದ ಈ ಮಾತು ಕಥೆಗಳಿಗೆ ಅಂಟಿದ್ದು ಷರ್ಲಾಕ್ ಹೋಮ್ಸ್ ಓದುಗರಿಂದ. ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1911ರಲ್ಲೇ ಆ ಕಥೆಗಳನ್ನು ಧರ್ಮಗ್ರಂಥ ಶೋಧಿಸುವ ಗಾಂಭೀರ್ಯದಿಂದ ಶೋಧಿಸಿದ್ದರು. ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಗುಂಡು ತಗುಲಿದ್ದು ಒಂದು ಕಥೆಯಲ್ಲಿ ಭುಜಕ್ಕೆ, ಇನ್ನೊಂದರಲ್ಲಿ ಕಾಲಿಗೆ ಎಂಬಂಥ ತೊಡಕುಗಳು ಆ ಓದುಗರಿಗೆ ಹಬ್ಬ. ‘ಅಧಿಕೃತ’ ಎಂಬ ಅನುವಾದ ಕೆಲವೆಡೆ ಸರಿ. ‘ಸ್ಟಾರ್ ವಾರ್ಸ್’ ಒಡೆಯರಾದ ಲೂಕಾಸ್‌ಫಿಲ್ಮ್ 2014ರ ಏಪ್ರಿಲ್‌ನಲ್ಲಿ ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನು ‘ಲೆಜೆಂಡ್ಸ್’ ಎಂಬ ಹಣೆಪಟ್ಟಿಯಡಿ ಬೇರೆ ಇಟ್ಟಿತು. ಅಲ್ಲಿ ಅಧಿಕಾರವುಳ್ಳವರು ತೀರ್ಪು ಕೊಟ್ಟರು. ‘ಡಾಕ್ಟರ್ ಹೂ’ ವಿಷಯದಲ್ಲಿ ಬಿಬಿಸಿ ಅಂಥ ಪಟ್ಟಿಯನ್ನು ಮಾಡಲೇ ಇಲ್ಲ. ಯಾವ ಕಥೆಯನ್ನು ಆಧಾರವಾಗಿ ಹಿಡಿಯಬೇಕೆಂದು ನೋಡುವವರೇ ವಾದಿಸಿಕೊಳ್ಳಬೇಕು. ಹಾಗಾಗಿ ‘ಪ್ರಮಾಣ’ ಹೆಚ್ಚು ಸೂಕ್ತ: ‘ಆ ಕಾದಂಬರಿಯನ್ನು ನಾನು ಪ್ರಮಾಣವೆಂದು ಒಪ್ಪುವುದಿಲ್ಲ’.

ಇನ್ನು ಸವಿಯ ಪ್ರಶ್ನೆ. ‘ಕಥೆ ಚೆನ್ನಾಗಿದ್ದರೆ ಸಾಕು, ಪೂರ್ವಾಪರ ಯಾರಿಗೆ ಬೇಕು?’ ಎಂಬುದು ಒಂದು ಪಕ್ಷ. ‘ಹಿಂದಿನದಕ್ಕೆ ಬೆಲೆಯಿಲ್ಲದಿದ್ದರೆ ಇಂದಿನದನ್ನು ನಂಬುವುದು ಹೇಗೆ?’ ಎಂಬುದು ಇನ್ನೊಂದು. ಸಂಸ್ಕೃತ ಲಾಕ್ಷಣಿಕ ದಂಡಿ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಒಂದು ವಾಕ್ಯದಲ್ಲಾಗಲಿ ಇಡೀ ಪ್ರಬಂಧದಲ್ಲಾಗಲಿ ಹಿಂದುಮುಂದಿನ ಅರ್ಥಗಳು ಒಂದನ್ನೊಂದು ಹೊಡೆದುಹಾಕಿದರೆ ಅದನ್ನು ದೋಷವೆಂದು ಎಣಿಸಿ ‘ವ್ಯರ್ಥ’ ಎಂದು ಹೆಸರಿಡುತ್ತಾನೆ. ಇಂದು ಆ ಪದ ನಿಷ್ಪ್ರಯೋಜಕ ಎಂಬ ಅರ್ಥಕ್ಕೆ ನಿಂತಿರುವುದರಿಂದ ನಮಗೆ ಒದಗುವುದಿಲ್ಲ. ಆದರೆ ಅವನು ಅಲ್ಲಿಗೇ ಬಿಡುವುದಿಲ್ಲ: ಭಾವಾವೇಶದಲ್ಲಿರುವ ಮನಸ್ಸಿಗೆ ಒಂದು ಸ್ಥಿತಿಯುಂಟು, ಅಲ್ಲಿ ವಿರುದ್ಧಾರ್ಥದ ಮಾತೂ ಒಪ್ಪಿತವಾಗುತ್ತದೆ ಎಂದು ಒಂದು ಉದಾಹರಣೆ ಕೊಟ್ಟ ಬೆನ್ನಲ್ಲೇ ಸೇರಿಸುತ್ತಾನೆ. ಎರಡೂ ಪಕ್ಷಗಳು ಒಬ್ಬನೇ ಲಾಕ್ಷಣಿಕನಲ್ಲಿ ಅಕ್ಕಪಕ್ಕದಲ್ಲಿವೆ. ‘ಕವಿರಾಜಮಾರ್ಗ’ ದಂಡಿಯ ದಾರಿಯಲ್ಲಿ ನಡೆದ ಗ್ರಂಥವಾದ್ದರಿಂದ ಈ ದೋಷವಿಚಾರ ಕನ್ನಡಕ್ಕೆ ಹೊಸದಲ್ಲ.

‘ಧ್ವನ್ಯಾಲೋಕ’ದ ಆನಂದವರ್ಧನ ರಸಭಂಗಕ್ಕೆ ಅನೌಚಿತ್ಯದ ಹೊರತು ಬೇರೆ ಕಾರಣವಿಲ್ಲ ಎಂದ. ಅದನ್ನು ನಾನು ಅಕ್ಷರಶಃ ಒಪ್ಪುತ್ತೇನೆ. ಅಟ್ಲಾಂಟಿಸ್ ಮೂರು ಸಲ ಮುಳುಗಿದರೂ ನನ್ನ ಸವಿ ಕೆಡಲಿಲ್ಲ. ಅದು ತಾಳೆಯಾಗದ ಸಂಗತಿ, ಅಷ್ಟೆ. 2013ರ ಕ್ರಿಸ್‌ಮಸ್ ಕಂತಿನಲ್ಲಿ, ಕಾಲಪ್ರಭುಗಳಿಗೆ ಹನ್ನೆರಡೇ ರೂಪಾಂತರ ಎಂದು 1976ರ ಕೊನೆಯಲ್ಲಿ ಹಾಕಿದ್ದ ಮಿತಿಯನ್ನು ಮುಪ್ಪಾದ ಡಾಕ್ಟರ್ ಮುಟ್ಟಿ ನಿಂತಾಗ ಹೊಸ ಸುತ್ತು ದಕ್ಕಿತು. ನಿಯಮವನ್ನು ಮರೆಯದೆ ದಾಟಿದ್ದರಿಂದ ಅಲ್ಲಿ ರಸ ಹೆಚ್ಚಿತು. 2020ರದ್ದು ನೋಯಿಸಿದ್ದು ತಾರೀಕು ತಪ್ಪಿದ್ದಕ್ಕಲ್ಲ. ಒಂದು ಹಳೆಯ ಕಾಲಯಂತ್ರವನ್ನು ಕದ್ದು ಊರು ಬಿಟ್ಟು ಓಡಿದ, ಯಾವ ಹಿರಿಮೆಯೂ ಇಲ್ಲದ ಒಬ್ಬಾತ ತನ್ನ ಕರುಣೆಯಿಂದಲೇ ದೊಡ್ಡವನಾದ ಎಂಬುದು ಆ ಪಾತ್ರದ ಜೀವ. ಅವನನ್ನು ಹುಟ್ಟಿನಿಂದಲೇ ಎಲ್ಲರಿಗೂ ಮೂಲವನ್ನಾಗಿಸಿದ್ದು ಆ ಪಾತ್ರಕ್ಕೆ ತಕ್ಕುದಲ್ಲ. ಒಪ್ಪದವರು ಬಹಳ ಮಂದಿ ಇದ್ದಾರೆ, ಅವರ ವಾದವನ್ನೂ ಲೇಖನದಲ್ಲಿ ಕೊಡುತ್ತೇನೆ. ಆದರೆ ಜಗಳ ಪೂರ್ವಾಪರದ್ದೋ ಔಚಿತ್ಯದ್ದೋ ಎಂದು ಬಿಡಿಸಿ ಹೇಳಲು ಕನ್ನಡದಲ್ಲಿ ಎರಡು ಪದಗಳಿವೆ. ಇಂಗ್ಲಿಷಿನ ಅಭಿಮಾನಿಗಳು ಎರಡನ್ನೂ ‘ಕಂಟಿನ್ಯೂಟಿ’ ಎಂಬ ಒಂದೇ ಚೀಲಕ್ಕೆ ತುಂಬಿ ಹೊಡೆದಾಡುವುದನ್ನು ಕಂಡೇ ನಾನು ಇಷ್ಟು ಉದ್ದ ಬರೆದೆ.

‘ರೂಪಾಂತರ’ ಎಂದು ಮೇಲೆ ಬಳಸಿದ್ದೇನೆ, ಅದೂ ಕೊನೆಯ ಮಾತಲ್ಲ. 1966ರಲ್ಲಿ ಹಾರ್ಟ್ನೆಲ್ ಹೋಗಿ ಪ್ಯಾಟ್ರಿಕ್ ಟ್ರೌಟನ್ ಬಂದಾಗ ಸರಣಿ ಅದನ್ನು ‘ನವೀಕರಣ’ ಎಂಬರ್ಥದ ಮಾತಿನಿಂದ ಕರೆಯಿತು. ಈಗ ಎಲ್ಲರೂ ಬಳಸುವ ‘ರಿಜೆನರೇಶನ್’ 1974ರಲ್ಲಿ ಬಂದದ್ದು. ‘ಪುನರ್ಜನ್ಮ’ ಎಂದರೆ ನಮ್ಮಲ್ಲಿ ಸತ್ತು ಹುಟ್ಟುವುದು. ಇಲ್ಲಿ ನೆನಪು ಉಳಿಯುತ್ತದೆ, ಒಡಲು ಮತ್ತು ಸ್ವಭಾವ ಬದಲಾಗುತ್ತವೆ. ‘ಮರುಮೈ’ ಎಂದು ಟಂಕಿಸಿದರೆ ಹೇಗೆ?

ತಾಳಮದ್ದಳೆ ಬಲ್ಲವರನ್ನು ಮುಖ್ಯವಾಗಿ ಕೇಳಬೇಕೆಂದಿದ್ದೇನೆ. ಅಲ್ಲಿ ಪಾತ್ರದ ಮಾತನ್ನಾಡುವ ಅರ್ಥಧಾರಿ ಪದ್ಯವನ್ನು ಬದಲಿಸುವಂತಿಲ್ಲ, ಆದರೆ ಮಾತಿನಲ್ಲಿ ಎಷ್ಟಾದರೂ ಬೆಳೆಸಬಹುದು. ಹಾಗೆ ಬೆಳೆಸಿದ ಮಾತು ಪ್ರಸಂಗದ ಮುಂದಿನ ಪದ್ಯಕ್ಕೆ ವಿರುದ್ಧವಾದರೆ ಎದುರು ಕುಳಿತವರು, ಭಾಗವತರು ಅದನ್ನು ಏನೆಂದು ಕರೆಯುತ್ತಾರೆ? ಬಳಕೆಯ ಮಾತೊಂದು ಇದ್ದರೆ ‘ಪೂರ್ವಾಪರ ವಿರೋಧ’ವನ್ನು ಬಿಟ್ಟು ಅದನ್ನೇ ಹಿಡಿಯುತ್ತೇನೆ.