ಪ್ರಸ್ತಾವಗಳ ಮೇಲಿನ ಮತದಾನ: ಮೊದಲೇ ನಡೆಸುವ ಸಮೀಕ್ಷೆಗಳು ಏಕೆ ತಪ್ಪುತ್ತವೆ?

ಪ್ರಶ್ನೆ (ಬದಿಯಡ್ಕದ ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನಲ್ಲಿ ರಾಜ್ಯಶಾಸ್ತ್ರ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ ಕಾನೂನಿನ ಪ್ರಸ್ತಾವಗಳನ್ನೂ ಮತಪತ್ರದಲ್ಲಿ ಮುದ್ರಿಸಿ, ಹೌದು ಅಥವಾ ಇಲ್ಲ ಎಂಬ ತೀರ್ಮಾನವನ್ನು ಮತದಾರರಿಂದಲೇ ನೇರವಾಗಿ ಪಡೆಯುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಈ ಪದ್ಧತಿ 1911ರಿಂದ ಇದೆ. ನನ್ನ ಪ್ರಾಜೆಕ್ಟ್ ಇದರ ಕುರಿತಾಗಿಯೇ ಇದೆ.

ನನಗೆ ಅರ್ಥವಾಗದಿರುವುದು ಮತದಾನಕ್ಕೆ ಮುಂಚಿನ ಸಮೀಕ್ಷೆಗಳ ವಿಚಾರ. ಸಲಿಂಗ ವಿವಾಹದ ಹಕ್ಕನ್ನು ರದ್ದುಪಡಿಸುವ ಕ್ಯಾಲಿಫೋರ್ನಿಯದ 8ನೇ ಪ್ರಸ್ತಾವಕ್ಕೆ 2008ರ ಅಕ್ಟೋಬರ್ ಕೊನೆಯಲ್ಲಿ ಫೀಲ್ಡ್ ಎಂಬ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಪರವಾಗಿ ಶೇ. 44, ವಿರುದ್ಧವಾಗಿ ಶೇ. 49 ಮಂದಿ ಇದ್ದರು. ನವೆಂಬರ್‌ನಲ್ಲಿ ಅದು ಶೇ. 52ರಷ್ಟು ಮತ ಪಡೆದು ಗೆದ್ದಿತು. 2022ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ, ಗರ್ಭಪಾತದ ಹಕ್ಕಿಗೆ ರಾಜ್ಯ ಸಂವಿಧಾನದ ರಕ್ಷಣೆಯಿಲ್ಲವೆಂದು ಸಾರುವ ತಿದ್ದುಪಡಿಯು ಜುಲೈ ತಿಂಗಳ ಸಮೀಕ್ಷೆಯೊಂದರಲ್ಲಿ 47–43ರಿಂದ ಮುಂದಿತ್ತು, ಆಗಸ್ಟ್‌ನಲ್ಲಿ ಶೇ. 59 ಮಂದಿ ಅದನ್ನು ತಿರಸ್ಕರಿಸಿದರು.

ಇದರ ಜೊತೆಗೆ ನಮ್ಮ ಪಂಚಾಯತಿನಲ್ಲಿಯೂ ಒಂದು ಸಣ್ಣ ಸಮೀಕ್ಷೆ ನಡೆಸಬೇಕೆಂದಿದ್ದೇನೆ. ಮನೆಮನೆಯಿಂದ ತ್ಯಾಜ್ಯ ಸಂಗ್ರಹಿಸುವ ಕೇರಳದ ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್ ಒಯ್ಯಲು ಮನೆಯೊಂದಕ್ಕೆ ತಿಂಗಳಿಗೆ ಪಡೆಯುವ 50 ರೂಪಾಯಿ ಯೂಸರ್ ಫೀಯನ್ನು ಹೆಚ್ಚಿಸಬಹುದೇ ಎಂಬುದು ನನ್ನ ಪ್ರಶ್ನೆ. ಅದನ್ನು ಹೇಗೆ ಕೇಳಿದರೆ ಸರಿ?

ಉತ್ತರ 1 (ಕುಂಬಳೆಯ ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ):

ಒಳ್ಳೆಯ ವಿಷಯವನ್ನು ಆರಿಸಿಕೊಂಡಿದ್ದೀರಿ. ಅಭ್ಯರ್ಥಿಗಳ ಬಗ್ಗೆ ಕೇಳುವಾಗ ಮತದಾರನ ಮನಸ್ಸಿನಲ್ಲಿ ಪಕ್ಷ, ಚಿಹ್ನೆ, ಊರಿನ ಪರಿಚಯ ಎಲ್ಲವೂ ಮೊದಲೇ ನೆಲೆಯೂರಿರುತ್ತವೆ. ಪ್ರಸ್ತಾವದ ಬಗ್ಗೆ ಕೇಳುವಾಗ ಅವುಗಳಾವುವೂ ಇರುವುದಿಲ್ಲ. ಅನೇಕರು ಆ ಪ್ರಸ್ತಾವದ ಮಾತನ್ನು ಮೊದಲ ಬಾರಿಗೆ ಕೇಳುವುದೇ ಸಮೀಕ್ಷಕನ ಬಾಯಿಂದ. ಆದ್ದರಿಂದ ನಮಗೆ ಸಿಗುವ ಉತ್ತರವು ಬಹುಪಾಲು ಅವನು ಓದಿದ ವಾಕ್ಯಕ್ಕೆ ಬಂದ ಪ್ರತಿಕ್ರಿಯೆ, ನೆಲೆನಿಂತ ಅಭಿಪ್ರಾಯವಲ್ಲ ಎಂಬುದು ನನ್ನ ದೃಢವಾದ ನಿಲುವು. ಕ್ಯಾಲಿಫೋರ್ನಿಯದಲ್ಲಿ ಪ್ರಸ್ತಾವದ ಶೀರ್ಷಿಕೆಯನ್ನೂ 100 ಪದಗಳನ್ನು ಮೀರದ ಸಾರಾಂಶವನ್ನೂ ಆ ರಾಜ್ಯದ ಪ್ರಧಾನ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಸಿದ್ಧಪಡಿಸುತ್ತಾರೆ. ಸಮೀಕ್ಷೆಯವರು ಅದನ್ನೇ ಓದಿ ಕೇಳಿದರೋ ತಮ್ಮದೇ ಮಾತಿನಲ್ಲಿ ಕೇಳಿದರೋ ಎಂಬುದನ್ನು ಶೇಕಡಾವಾರು ಅಂಕಿಗಳಿಗಿಂತ ಮೊದಲು ನೋಡಬೇಕು.

ಸಾಮಾನ್ಯವಾಗಿ ಕಂಡುಬರುವುದೇನೆಂದರೆ, ಆರಂಭದಲ್ಲಿ ಹೆಚ್ಚಿರುವ ಬೆಂಬಲ ಪ್ರಚಾರ ಕಾವೇರಿದಂತೆ ಕರಗುತ್ತದೆ ಮತ್ತು ಕೊನೆಯವರೆಗೂ ತೀರ್ಮಾನಿಸದವರು ಇದ್ದದ್ದೇ ಇರಲಿ ಎಂದು ‘ಇಲ್ಲ’ದ ಕಡೆಗೆ ವಾಲುತ್ತಾರೆ. ಕುಲಾಂತರಿ ಆಹಾರದ ಪೊಟ್ಟಣದ ಮೇಲೆ ಹಾಗೆಂದು ನಮೂದಿಸಬೇಕೆಂಬ ಕ್ಯಾಲಿಫೋರ್ನಿಯದ 37ನೇ ಪ್ರಸ್ತಾವಕ್ಕೆ 2012ರ ಸೆಪ್ಟೆಂಬರ್‌ನಲ್ಲಿ ಶೇ. 60ಕ್ಕೂ ಮಿಕ್ಕಿ ಬೆಂಬಲವಿತ್ತು. ವಿರೋಧಿ ಕಂಪನಿಗಳು ಸುಮಾರು 4.5 ಕೋಟಿ ಡಾಲರ್ ಸುರಿದು, ಆಹಾರದ ಬೆಲೆ ಏರುತ್ತದೆ ಎಂದು ಪ್ರಚಾರ ಮಾಡಿದ ಮೇಲೆ ಅದು ಶೇ. 48.6 ಮತ ಪಡೆದು ಸೋತಿತು. ಸೆಪ್ಟೆಂಬರ್‌ನ ಸಮೀಕ್ಷೆ ಸುಳ್ಳಾಗಿತ್ತು ಎಂದು ನಾನು ಹೇಳಲಾರೆ. ಬೆಲೆಯ ಮಾತು ಬರುವ ಮುಂಚಿನ ಮನಸ್ಸನ್ನು ಅದು ಹಿಡಿದಿತ್ತು.

ನೀವು ಕೊಟ್ಟ ಎರಡು ಉದಾಹರಣೆಗಳು ಒಂದೇ ಬಗೆಯವಲ್ಲ. 8ನೇ ಪ್ರಸ್ತಾವದಲ್ಲಿ ಬೆಂಬಲ ಕರಗುವ ಬದಲು ಕೊನೆಯಲ್ಲಿ ಹೆಚ್ಚಿತು. ಅಲ್ಲಿ ‘ಹೌದು’ ಎಂದರೆ ಹಕ್ಕನ್ನು ಕಿತ್ತುಕೊಳ್ಳುವುದು, ‘ಇಲ್ಲ’ ಎಂದರೆ ಉಳಿಸುವುದು ಎಂದಾಗಿತ್ತು. ಅಂತಹ ಪ್ರಶ್ನೆಗಳಲ್ಲಿ ಮೇಲಿನ ಸಾಮಾನ್ಯ ನಿಯಮವನ್ನು ಯಾಂತ್ರಿಕವಾಗಿ ಹಚ್ಚಬಾರದು. ಕ್ಯಾನ್ಸಸ್‌ನಲ್ಲಿ ಸಮಸ್ಯೆ ಬೇರೆ. ಗರ್ಭಪಾತಕ್ಕಿದ್ದ ಸಾಂವಿಧಾನಿಕ ಹಕ್ಕನ್ನು ರದ್ದುಪಡಿಸಿದ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬಂದು ಆರು ವಾರಗಳೂ ಆಗಿರಲಿಲ್ಲ. ಸಾಮಾನ್ಯವಾಗಿ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಆಗಸ್ಟ್‌ನ ಪ್ರಾಥಮಿಕ ಚುನಾವಣೆಗೆ ಮತಗಟ್ಟೆಯ ಕಡೆ ತಲೆ ಹಾಕದವರು ಕೂಡ ಆ ದಿನ ಬಂದು ಸಾಲು ನಿಂತರು. ಮತ ಹಾಕಲು ಯಾರು ಬರುತ್ತಾರೆ ಎಂಬ ಅಂದಾಜೇ ತಪ್ಪಿದರೆ, ಕೇಳಿದ ಪ್ರಶ್ನೆ ಎಷ್ಟೇ ಸರಿಯಾಗಿದ್ದರೂ ಪ್ರಯೋಜನವಿಲ್ಲ.

ಇನ್ನೊಂದು ಎಚ್ಚರಿಕೆ. ಫ್ಲೋರಿಡಾದಲ್ಲಿ ಸಂವಿಧಾನ ತಿದ್ದುಪಡಿಗೆ ಶೇ. 60 ಮತ ಬೇಕು. 2024ರಲ್ಲಿ ಅಲ್ಲಿನ ಗರ್ಭಪಾತ ತಿದ್ದುಪಡಿ ಶೇ. 57 ಮತ ಪಡೆದೂ ಸೋತಿತು. ಬಹುಮತವಿದೆ ಎಂಬ ಸಮೀಕ್ಷೆಯನ್ನು ಗೆಲುವೆಂದು ಬರೆದುಬಿಡಬೇಡಿ.

ನಿಮ್ಮ ಪಂಚಾಯತಿನ ಸಮೀಕ್ಷೆಗೆ ಎರಡು ಬಗೆಯ ಪ್ರಶ್ನೆ ಸಿದ್ಧಪಡಿಸಿ. ಅರ್ಧ ಮನೆಗಳಲ್ಲಿ ‘ಯೂಸರ್ ಫೀ ಹೆಚ್ಚಿಸುವುದನ್ನು ಒಪ್ಪುತ್ತೀರಾ?’ ಎಂದಷ್ಟೇ ಕೇಳಿ. ಉಳಿದ ಅರ್ಧದಲ್ಲಿ ಎಷ್ಟು ರೂಪಾಯಿ ಹೆಚ್ಚಾಗುತ್ತದೆ, ಆ ಹಣ ಯಾವುದಕ್ಕೆ ಹೋಗುತ್ತದೆ ಎಂಬುದನ್ನು ತಿಳಿಸಿ ಕೇಳಿ. ಯಾವ ಮನೆಗೆ ಯಾವ ಪ್ರಶ್ನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಎರಡು ಗುಂಪುಗಳ ಉತ್ತರದ ನಡುವಿನ ಅಂತರವೇ ನಿಮ್ಮ ಪ್ರಾಜೆಕ್ಟಿನ ಅತ್ಯಂತ ಬೆಲೆಯುಳ್ಳ ಪುಟವಾಗಬಹುದು.

ಉತ್ತರ 2 (ಮಂಜೇಶ್ವರದ ಓದುಗ):

ಉಪನ್ಯಾಸಕರ ಮೊದಲ ಮಾತಿಗೆ ನಮ್ಮ ದೇಶದಲ್ಲಿಯೇ ಬಲವಾದ ಆಧಾರವಿದೆ. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆಂಬ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವೇ 1963ರ ಚುನಾವಣೆಯಲ್ಲಿ ಗೆದ್ದು ಬಂಡೋಡಕರರು ಮುಖ್ಯಮಂತ್ರಿಯಾಗಿದ್ದರು. ಆ ಫಲಿತಾಂಶವನ್ನು ನೋಡಿದವರು ವಿಲೀನಕ್ಕೆ ಜನರ ಒಪ್ಪಿಗೆಯಿದೆ ಎಂದೇ ಭಾವಿಸಬಹುದಿತ್ತು. ಆದರೆ 1967ರ ಜನವರಿ 16ರಂದು ಅದೊಂದೇ ಪ್ರಶ್ನೆಯನ್ನು ಜನರ ಮುಂದಿಟ್ಟಾಗ 34,021 ಮತಗಳ ಅಂತರದಿಂದ ವಿಲೀನ ಸೋತಿತು. ಅದಾಗಿ ಕೆಲವೇ ವಾರಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಅದೇ ಪಕ್ಷ ಮತ್ತೆ ಗೆದ್ದಿತು. ಪಕ್ಷಕ್ಕೆ ಹಾಕಿದ ಮತವನ್ನು ಪ್ರಸ್ತಾವಕ್ಕೆ ಹಾಕಿದ ಮತವೆಂದು ಲೆಕ್ಕ ಹಿಡಿಯಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಾಗಲೂ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ ಶಿಫಾರಸು ಮಾಡಿದಾಗಲೂ ನಮ್ಮ ಹಿರಿಯರನ್ನು ಮತಪತ್ರದ ಮೂಲಕ ಯಾರೂ ಕೇಳಲಿಲ್ಲ. ಆ ಕಾಲದ ಮನವಿಗಳನ್ನೂ ಚುನಾವಣಾ ಫಲಿತಾಂಶಗಳನ್ನೂ ಜನಮತವೆಂದು ಉಲ್ಲೇಖಿಸುವವರು ಗೋವಾದ ಪ್ರಸಂಗವನ್ನು ಒಮ್ಮೆ ಓದಬೇಕೆಂದು ನನ್ನ ವಿನಂತಿ.

ಸಮೀಕ್ಷೆಯ ನಿಖರತೆಯ ಬಗ್ಗೆಯೂ ಒಂದು ಮಾತು: ಸಾವಿರ ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿದರೂ ಉತ್ತರದಲ್ಲಿ ಸುಮಾರು ಶೇ. 3ರಷ್ಟು ಆಚೀಚೆಯಾಗುವ ಸಾಧ್ಯತೆ ಇದ್ದೇ ಇರುತ್ತದೆ. ನಮ್ಮ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆ 89 ಮತಗಳಿಂದ ತೀರ್ಮಾನವಾಯಿತು. ಅಂಥದ್ದನ್ನು ಯಾವ ಸಮೀಕ್ಷೆಯೂ ಮೊದಲೇ ಹೇಳಲಾರದು.

ಉತ್ತರ 3 (ಪೆರ್ಲದಿಂದ, ಮನೆಮನೆ ಸರ್ವೆ ಕೆಲಸ ಮಾಡಿದವರು):

ತಂಗಿ, ನಾನು ಅಂಕಿಸಂಖ್ಯೆ ಕಲಿತವಳಲ್ಲ, ಆದರೆ ಫಾರ್ಮ್ ಹಿಡಿದು ಅಂಗಳಕ್ಕೆ ಹೋದ ಅನುಭವ ಸಾಕಷ್ಟಿದೆ. ಸೊಸೆಯ ಅಭಿಪ್ರಾಯ ಕೇಳಿದರೆ ಚಾವಡಿಯಲ್ಲಿ ಕುಳಿತ ಮಾವನವರು ಉತ್ತರಿಸುತ್ತಾರೆ. ಅವರು ಹೇಳಿದ ಮೇಲೆ ಒಳಗಿನವರು ಬೇರೆ ಮಾತು ಆಡುವುದಿಲ್ಲ. ಹಗಲು ಹೋದರೆ ಕೆಲಸಕ್ಕೆ ಹೋದವರು ಸಿಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಯಾರನ್ನು ಕೇಳಬೇಕೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಿ, ಅವರು ಸಿಗದಿದ್ದರೆ ಇನ್ನೊಮ್ಮೆ ಹೋಗಿ.

ಹಸಿರು ಕೋಟು ತೊಟ್ಟು ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರನ್ನು ಮಾತ್ರ ದಯವಿಟ್ಟು ಜೊತೆಗೆ ಕರೆದೊಯ್ಯಬೇಡಿ. ಬಿಸಿಲಿನಲ್ಲಿ ಚೀಲ ಹೊತ್ತು ನಿಂತವರ ಎದುರು ‘ಫೀ ಹೆಚ್ಚಿಸುವುದು ಬೇಡ’ ಎನ್ನಲು ಯಾರಿಗೂ ಬಾಯಿ ಬಾರದು. ಮನೆಯಲ್ಲಿ ತುಳುವೋ ಮಲಯಾಳವೋ ಕನ್ನಡವೋ, ಅವರು ಯಾವುದನ್ನು ಆಡುತ್ತಾರೋ ಅದರಲ್ಲಿಯೇ ಕೇಳಿ, ಆದರೆ ಪ್ರಶ್ನೆಯನ್ನು ಮೂರೂ ಭಾಷೆಗಳಲ್ಲಿ ಮೊದಲೇ ಬರೆದಿಟ್ಟುಕೊಂಡು ಓದಿ. ಬಾಯಿಗೆ ಬಂದ ಹಾಗೆ ಕೇಳಿದರೆ ಮನೆಗೊಂದು ಪ್ರಶ್ನೆಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ಉಪನ್ಯಾಸಕರೇ, ‘ಗೊತ್ತಿಲ್ಲ’ ಎಂದವರನ್ನು ಬಿಟ್ಟು ಶೇಕಡಾವಾರು ಲೆಕ್ಕ ಹಾಕಬಹುದೇ?

ಉತ್ತರ (ಕುಂಬಳೆಯ ನಿವೃತ್ತ ಉಪನ್ಯಾಸಕ):

ಬೇಡ. ಅವರನ್ನು ಬಿಟ್ಟರೆ 44–49 ಎಂಬುದು 47–53 ಆಗಿ, ಇಲ್ಲದ ಖಚಿತತೆ ಬಂದಂತೆ ಕಾಣುತ್ತದೆ. ‘ಗೊತ್ತಿಲ್ಲ’ ಎಂದವರನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಅದರ ಮೇಲ್ಗಡೆ ನೀವು ಓದಿದ ಪ್ರಶ್ನೆಯನ್ನು ಅಕ್ಷರವೂ ಬದಲಾಗದಂತೆ ಅಚ್ಚು ಹಾಕಿ. ಪೆರ್ಲದ ಸೋದರಿ ಹೇಳಿದ ಮೂರು ಭಾಷೆಗಳ ಪ್ರಶ್ನೆಗಳನ್ನೂ ಅಲ್ಲಿಯೇ ಕೊಡಿ.