ತರಬೇತಿಗೆ ಜಪಾನಿಗೆ ಹೋಗುವವರು ಮೊದಲು ಕಲಿಯಬೇಕಾದ ಶಿಷ್ಟಾಚಾರದ ಮಾತುಗಳು ಯಾವುವು?

ಪ್ರಶ್ನೆ: ಬಿಡದಿಯ ಬಳಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೇನೆ. ಮುಂದಿನ ತಿಂಗಳು ತರಬೇತಿಗಾಗಿ ಐಚಿ ಪ್ರಾಂತ್ಯಕ್ಕೆ ಹೋಗಬೇಕಾಗಿದೆ. ಭಾಷೆಯನ್ನೇ ಕಲಿಯುವಷ್ಟು ಸಮಯವಿಲ್ಲ; ನಮಸ್ಕಾರ, ಧನ್ಯವಾದಗಳನ್ನಾದರೂ ಸರಿಯಾಗಿ ಹೇಳಬೇಕೆಂಬ ಆಸೆಯಿದೆ. ಸಿಕ್ಕ ಪಟ್ಟಿಗಳೆಲ್ಲ ತೀರಾ ಉದ್ದವಾಗಿವೆ. ಅಲ್ಲಿದ್ದು ಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಐಚಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ಬಂದವನಾಗಿ ಹೇಳುವುದಾದರೆ, ಪಟ್ಟಿಯನ್ನು ಬದಿಗಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ನಿಮಗೆ ಯಾರು ಯಾರು ಎದುರಾಗುತ್ತಾರೆ ಎಂದು ಯೋಚಿಸಿ ಆಯಾ ಹೊತ್ತಿನ ಮಾತನ್ನಷ್ಟೇ ಕಲಿಯಿರಿ.

ಗೇಟು ದಾಟಿದ ಮೇಲೆ ಎದುರಾದವರಿಗೆಲ್ಲ ‘ಒಹಯೋ ಗೊಝೈಮಸ್’, ಅಂದರೆ ಶುಭೋದಯ, ಎನ್ನಬೇಕು. ಎರಡನೆಯ ಪಾಳಿಗೆ ಸಂಜೆ ಬಂದವರೂ ಅದು ಆ ದಿನದ ಮೊದಲ ಭೇಟಿಯೆಂಬ ಕಾರಣಕ್ಕೆ ಇದನ್ನೇ ಹೇಳುವುದುಂಟು; ಗಲಿಬಿಲಿಗೊಳ್ಳಬೇಡಿ. ಹಗಲಿನ ನಮಸ್ಕಾರವಾದ ‘ಕೊನ್ನಿಚಿವ’ ನಮ್ಮವರಿಗೆಲ್ಲ ಮೊದಲೇ ಗೊತ್ತಿರುವ ಮಾತಾದರೂ ದಿನವೂ ಜೊತೆಯಲ್ಲಿ ದುಡಿಯುವವರ ನಡುವೆ ಅದರ ಬಳಕೆ ಕಡಿಮೆ. ಮಧ್ಯಾಹ್ನ ಎದುರಾದ ಸಹೋದ್ಯೋಗಿಗೆ, ಸಭೆ ಮುಗಿಸಿ ಎದ್ದವರಿಗೆ, ಮನೆಗೆ ಹೊರಟವರಿಗೆ ಎಲ್ಲರಿಗೂ ಸಲ್ಲುವುದು ‘ಒತ್ಸುಕರೆಸಮ ದೆಸ್’, ಅಂದರೆ ನಿಮ್ಮ ಶ್ರಮಕ್ಕೆ ಧನ್ಯವಾದ. ಒಂದೇ ಒಂದು ಮಾತು ಕಲಿಯಲು ಬಿಡುವಿದೆಯೆಂದರೆ ನಾನು ಇದನ್ನೇ ಸೂಚಿಸುತ್ತೇನೆ. ಇದರ ಜೊತೆಗೇ ಕಿವಿಗೆ ಬೀಳುವ, ಹೆಚ್ಚುಕಡಿಮೆ ಇದೇ ಅರ್ಥದ ‘ಗೊಕುರೋಸಮ’ ಮೇಲಿನವರು ಕೆಳಗಿನವರಿಗೆ ಹೇಳುವ ಮಾತಾದ್ದರಿಂದ ತರಬೇತಿಗೆ ಹೋದವರ ಬಾಯಲ್ಲಿ ಅದು ಬರಬಾರದು. ಉಳಿದವರು ಕೆಲಸದಲ್ಲಿರುವಾಗ ನೀವು ಹೊರಡುವುದಾದರೆ ‘ಒಸಕಿ ನಿ ಶಿತ್ಸುರೇ ಶಿಮಸ್’, ಅಂದರೆ ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ, ಎಂದು ಹೇಳಿಯೇ ಹೊರಡಿ. ‘ಸಯೋನರ’ ಅಲ್ಲಿ ದಿನನಿತ್ಯದ ವಿದಾಯಕ್ಕೆ ಬಳಕೆಯಾಗುವುದು ಅಪರೂಪ.

ಮೊದಲ ದಿನ ‘ಚೋರೇ’ ಎಂಬ ಬೆಳಗಿನ ಸಭೆಯಲ್ಲಿ ನಿಮ್ಮನ್ನು ಎಲ್ಲರೆದುರು ನಿಲ್ಲಿಸುವ ಸಂಭವವೇ ಹೆಚ್ಚು. ‘ಹಜಿಮೆಮಶಿತೆ’ (ಮೊದಲ ಭೇಟಿಯ ನಮಸ್ಕಾರ) ಎಂದು ಆರಂಭಿಸಿ, ನಿಮ್ಮ ಹೆಸರಿಗೆ ‘ದೆಸ್’ ಸೇರಿಸಿ, ‘ಇಂದೊ ಕರ ಕಿಮಶಿತ’ (ಭಾರತದಿಂದ ಬಂದಿದ್ದೇನೆ) ಎಂದು ಊರು ತಿಳಿಸಿ, ‘ಯೊರೊಶಿಕು ಒನೆಗೈ ಶಿಮಸ್’ (ನಿಮ್ಮ ಸಹಕಾರವಿರಲಿ) ಎಂದು ಮುಗಿಸಿ, ಆಮೇಲೆ ಬಾಗಿದರೆ ಸಾಕು. ಮಾತನಾಡುತ್ತಲೇ ಬಾಗಿದರೆ ಧ್ವನಿ ನೆಲದ ಕಡೆಗೆ ಹೋಗಿ ಹಿಂದಿನ ಸಾಲಿನವರಿಗೆ ಏನೂ ಕೇಳಿಸುವುದಿಲ್ಲ. ನಿಮ್ಮ ಹೆಸರಿಗೆ ನೀವೇ ‘ಸನ್’ ಸೇರಿಸಿಕೊಳ್ಳಬಾರದು. ಅದು ಇತರರಿಗೆ ಕೊಡುವ ಗೌರವ. ಹೀಗೆ ಪರಿಚಯ ಹೇಳಿಕೊಳ್ಳುವಾಗ ಸುಮಾರು 30 ಡಿಗ್ರಿ, ಓಡಾಡುವಾಗ ಎದುರಾದವರಿಗೆ ಸುಮಾರು 15 ಡಿಗ್ರಿ ಬಾಗುವುದು ಅಲ್ಲಿನ ಕ್ರಮ. ಕೆಲವು ಕಾರ್ಖಾನೆಗಳಲ್ಲಿ ಕೆಲಸಕ್ಕೆ ಇಳಿಯುವ ಮುನ್ನ ‘ಗೊಅಂಝೆನ್ ನಿ’, ಅಂದರೆ ಸುರಕ್ಷಿತವಾಗಿರಿ ಎಂದು ಪರಸ್ಪರ ಹೇಳಿಕೊಳ್ಳುತ್ತಾರೆ. ಕೇಳಿಸಿದರೆ ನೀವೂ ಅದನ್ನೇ ಮರಳಿ ಹೇಳಿ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಉಚ್ಚಾರಣೆಯ ಕುರಿತು ಒಂದು ಮಾತು ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಆರಂಭಿಕ ಹಂತದವರಿಗೆ ಜಪಾನಿ ಕಲಿಸುವಾಗ ನಾನು ಮೊದಲು ಮಾಡಿಸುವ ಕೆಲಸವೆಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡದ್ದನ್ನು ಅಳಿಸಿ ಕನ್ನಡದಲ್ಲಿ ಬರೆಸುವುದು. ಧನ್ಯವಾದ ಹೇಳಲು ಇಂಗ್ಲಿಷಿನಿಂದ ಓದಿದವರು ‘ಅರಿಗಾಟೊ’ ಎನ್ನುತ್ತಾರೆ, ಸರಿಯಾದದ್ದು ‘ಅರಿಗತೋ’. ಅಲ್ಲಿರುವುದು ನಮ್ಮ ‘ತ’ಕಾರವೇ ಹೊರತು ‘ಟ’ಕಾರವಲ್ಲ, ದೀರ್ಘ ಬರುವುದು ಕೊನೆಯಲ್ಲಿ ಮಾತ್ರ. ಎ–ಏ, ಒ–ಓಗಳ ಭೇದ ನಮ್ಮ ಲಿಪಿಯಲ್ಲೇ ಇರುವುದರಿಂದ ಕನ್ನಡಿಗರಿಗೆ ಇದು ದೊಡ್ಡ ಅನುಕೂಲ. ದೀರ್ಘ ತಪ್ಪಿದರೆ ಅರ್ಥವೂ ತಪ್ಪುತ್ತದೆ: ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ದೆಸು’, ‘ಮಸು’ಗಳ ಕೊನೆಯ ಉಕಾರವನ್ನು ಸಾಮಾನ್ಯವಾಗಿ ನುಂಗಿ ‘ದೆಸ್’, ‘ಮಸ್’ ಎನ್ನುತ್ತಾರೆ.

ಜುಲೈ ಮತ್ತು ಡಿಸೆಂಬರ್‌ಗಳಲ್ಲಿ ನಡೆಯುವ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಮಾತನಾಡಿಸುವ ಭಾಗವೇ ಇಲ್ಲ. ಪ್ರಮಾಣಪತ್ರ ಪಡೆದವರೂ ಎದುರಿಗೊಬ್ಬರು ಬಂದು ನಿಂತರೆ ತಡವರಿಸುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಎನ್‌ಎಚ್‌ಕೆ ವರ್ಲ್ಡ್ ಮತ್ತು ಜಪಾನ್ ಫೌಂಡೇಶನ್ ಉಚಿತವಾಗಿ ಒದಗಿಸಿರುವ ಆರಂಭಿಕ ಪಾಠಗಳ ಧ್ವನಿಯನ್ನು ಕೇಳುತ್ತ ಜೊತೆಜೊತೆಗೇ ಗಟ್ಟಿಯಾಗಿ ಹೇಳುವುದನ್ನು ಇಂದೇ ಆರಂಭಿಸಿ.

ಉತ್ತರ 3: ಪತಿಯ ಕೆಲಸದ ನಿಮಿತ್ತ ಟೋಕಿಯೋದ ನಿಶಿಕಸೈಯಲ್ಲಿ ಸಂಸಾರ ಮಾಡಿದ ನನಗೆ ಹೆಚ್ಚು ಒದಗಿಬಂದದ್ದು ‘ಸುಮಿಮಸೆನ್’, ಅಂದರೆ ಕ್ಷಮಿಸಿ. ದಾರಿ ಬೇಕಾದಾಗ, ಹೋಟೆಲಿನಲ್ಲಿ ಬಡಿಸುವವರನ್ನು ಕರೆಯುವಾಗ, ಯಾರಾದರೂ ಲಿಫ್ಟಿನ ಬಾಗಿಲು ಹಿಡಿದು ನಿಂತಾಗ, ಎಲ್ಲಕ್ಕೂ ಅದೇ. ಅಂಗಡಿ ಹೊಕ್ಕಾಗ ‘ಇರಶ್ಶೈಮಸೆ’ ಎಂದು ಕೂಗಿ ಸ್ವಾಗತಿಸುತ್ತಾರೆ; ಅದಕ್ಕೆ ಉತ್ತರಿಸುವ ಅಗತ್ಯವಿಲ್ಲ, ತಲೆಯಾಡಿಸಿದರೂ ಆದೀತು. ನೆರೆಯವರನ್ನು ಕಂಡಾಗಲೆಲ್ಲ ‘ಚೆನ್ನಾಗಿದ್ದೀರಾ’ ಎಂದು ಕೇಳುವ ನಮ್ಮ ರೂಢಿಯಂತೆ ‘ಒಗೆಂಕಿ ದೆಸ್ ಕ’ ಎನ್ನಲು ಹೋಗಬೇಡಿ, ಅದು ಬಹುದಿನಗಳ ನಂತರ ಸಿಕ್ಕವರಿಗೆ. ದಿನವೂ ಕಾಣುವವರೊಡನೆ ‘ಸಮುಯ್ ದೆಸ್ ನೆ’, ಚಳಿ ಅಲ್ಲವೇ, ಎಂದರೆ ಅವರೇ ಮಾತು ಮುಂದುವರಿಸುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಅಭ್ಯಾಸಬಲದಿಂದ ಕೈ ಜೋಡಿಸಿಬಿಟ್ಟರೆ ತಪ್ಪಾಗುತ್ತದೆಯೇ?

ಉತ್ತರ 1: ಯಾರೂ ತಪ್ಪು ತಿಳಿಯುವುದಿಲ್ಲ, ಆದರೆ ಅಲ್ಲಿ ಕೈ ಜೋಡಿಸುವುದು ಮುಖ್ಯವಾಗಿ ಪ್ರಾರ್ಥನೆಗೆ ಮತ್ತು ಊಟಕ್ಕೆ. ಕ್ಯಾಂಟೀನಿನಲ್ಲಿ ತಟ್ಟೆಯ ಮುಂದೆ ಕುಳಿತು ಕೈ ಜೋಡಿಸಿ ‘ಇತದಕಿಮಸ್’ (ಊಟವನ್ನು ಸ್ವೀಕರಿಸುತ್ತೇನೆ), ಉಂಡಾದ ಮೇಲೆ ‘ಗೊಚಿಸೋಸಮ ದೆಶಿತ’ (ಊಟಕ್ಕೆ ಧನ್ಯವಾದ) ಎನ್ನಿ. ಉಳಿದ ಕಡೆ ಗಂಡಸರು ಕೈಗಳನ್ನು ತೊಡೆಯ ಪಕ್ಕಕ್ಕೆ ನೇರವಾಗಿ ಇಳಿಬಿಟ್ಟು ಸೊಂಟದಿಂದ ಬಾಗುತ್ತಾರೆ.